ಹತ್ತು ವರ್ಷ ರಿಪೇರಿ ಇಲ್ಲದೆ ಬಾಳುವ ಸೈಕಲ್ ಫ್ಲೋರ್ ಪಂಪ್ ಯಾವುದು? (700×35 ಟಯರಿನ ಹೈಬ್ರಿಡ್ ಸೈಕಲ್, ಮಗಳ ಸಾದಾ ಸೈಕಲ್; 260 ಪಿಎಸ್‌ಐ ಗೇಜ್ ಇರಲಿ, ಬಜೆಟ್ ಆರು ಸಾವಿರ)

260ರ ಗೇಜು, ಹತ್ತು ವರ್ಷ ಬಿಚ್ಚುವ ಗೋಜಿಲ್ಲ. ಇದೇ ಎರಡು ಷರತ್ತು ಇಟ್ಟುಕೊಂಡು ನಾನೂ ಒಮ್ಮೆ ಅಂಗಡಿ ಹತ್ತಿದ್ದೆ. ಹಾಗೆ ತಂದ ಪಂಪಿನ ಬ್ಯಾರಲ್ಲು ಈಗ ವಿಜಯಪುರದ ನಮ್ಮ ಮನೆ ಹಿತ್ತಲಲ್ಲಿ ಟೊಮೆಟೊ ಗಿಡಕ್ಕೆ ಆಸರೆಯಾಗಿದೆ.

ಆಗ ಬೆಂಗಳೂರಿನಲ್ಲಿದ್ದೆ, ಹೊಸದಾಗಿ ರೋಡ್ ಬೈಕ್ ಕೊಂಡಿದ್ದೆ. 25 ಮಿ.ಮೀ. ಟಯರು, 90 ಪಿಎಸ್‌ಐ ಗಾಳಿ. ಭಾನುವಾರ ನಂದಿ ಬೆಟ್ಟ ಅಂದರೆ ಶನಿವಾರ ರಾತ್ರಿಯೇ ಗಾಳಿ ಹೊಡೆದಿಡುವ ಹುಮ್ಮಸ್ಸು. ಪಂಪು ನೋಡೋಕೆ ಚೆನ್ನಾಗಿತ್ತು: ಮರದ ಹಿಡಿ, ಹೊಳೆಯುವ ಅಲ್ಯೂಮಿನಿಯಂ ಬ್ಯಾರಲ್ಲು, ಅಂಗೈ ಅಗಲದ ಗೇಜು. "260ರವರೆಗೂ ಹೋಗುತ್ತೆ ಸರ್" ಅಂದ ಅಂಗಡಿಯವನು. 90 ಬೇಕಾದವನಿಗೆ 260 ಯಾಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಒಂದು ಮಳೆಗಾಲ ಕಳೆದು ಇನ್ನೊಂದು ಬರುವಷ್ಟರಲ್ಲಿ ಮುಳ್ಳು 60ರ ಮೇಲೆ ಏರುವುದನ್ನೇ ಬಿಟ್ಟಿತು. ಎಲ್ಲೋ ಬುಸ್ ಅನ್ನುತ್ತಿತ್ತು. ಪಿಸ್ಟನ್ ವಾಷರ್ ಹೋಗಿದೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಆಧಾರ ಏನೂ ಇಲ್ಲ. ಚಿಕ್ಕಂದಿನಿಂದ ನೋಡಿದ್ದು ಅದನ್ನೇ: ನಮ್ಮೂರಿನ ಸೈಕಲ್ ಅಂಗಡಿಯಲ್ಲಿ ಪಂಪು ಕೆಟ್ಟರೆ ಮೇಲಿನ ಮುಚ್ಚಳ ಬಿಚ್ಚಿ, ರಾಡು ಎಳೆದು, ಚರ್ಮದ ವಾಷರ್ ಬದಲಿಸುತ್ತಿದ್ದರು. ಹಾಗಾಗಿ ಪಂಪು ಕೆಡುವುದಕ್ಕೆ ಬೇರೆ ಕಾರಣವೂ ಇರುತ್ತದೆ ಅನ್ನುವುದು ತಲೆಗೇ ಬರಲಿಲ್ಲ.

ಮುಚ್ಚಳ ಕೈಯಲ್ಲಿ ತಿರುಗಲಿಲ್ಲ. ಕಾರ್ಖಾನೆಯಲ್ಲೇ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಅಂಟು ಹಚ್ಚಿ ಬಿಗಿದಿದ್ದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಅಪಾರ್ಟ್‌ಮೆಂಟಿನ ಪ್ಲಂಬರ್ ಕೋಣೆಗೆ ಹೋಗಿ ಬ್ಯಾರಲ್ಲನ್ನು ಬೆಂಚ್ ವೈಸಿಗೆ ಕಚ್ಚಿಸಿ, ಮುಚ್ಚಳಕ್ಕೆ ಪೈಪ್ ರೆಂಚ್ ಹಾಕಿದೆ.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದೊಂದು ಕೆಲಸ ನನಗೆ ಐದು ಸಾವಿರ ರೂಪಾಯಿ ತಿಂದಿತು. ಪಂಪಿನ ಬ್ಯಾರಲ್ಲು ಅಂದರೆ ತೆಳು ಗೋಡೆಯ ಕೊಳವೆ. ಒಳವ್ಯಾಸ 30 ಮಿ.ಮೀ. ಇದ್ದರೆ ಗೋಡೆ ಒಂದೂವರೆ ಮಿ.ಮೀ. ಇರಬಹುದು. ಒಳಗಿನ ಗಾಳಿಯ ಒತ್ತಡ ಎಲ್ಲ ಕಡೆಗೂ ಸಮ, ಅದನ್ನು ಆ ಗೋಡೆ ಆರಾಮಾಗಿ ತಾಳುತ್ತದೆ. ಹೊರಗಿನಿಂದ ಎರಡೇ ಬದಿಯಲ್ಲಿ ಹಿಂಡಿದರೆ ತಾಳುವುದಿಲ್ಲ. ವೈಸಿನ ದವಡೆ ಕೂತಲ್ಲಿ ಅರ್ಧ ಮಿ.ಮೀ. ತಗ್ಗಿದರೂ ಸಾಕು, ಅಡ್ಡಕ್ಕೆ ಸುಮಾರು ಅಷ್ಟೇ ಉಬ್ಬುತ್ತದೆ, ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಕೂಡ ಹೋಗಿರಲಿಲ್ಲ, ಯಾಕೆಂದರೆ ನಾನು ಬುದ್ಧಿವಂತಿಕೆಯಿಂದ ಬಟ್ಟೆ ಸುತ್ತಿದ್ದೆ! ಒಳಗಿದ್ದದ್ದು ಚರ್ಮದ ವಾಷರ್ ಅಲ್ಲ, ಓ-ರಿಂಗ್, ಅಂದರೆ ಪಿಸ್ಟನ್ ಸುತ್ತ ಕೂರುವ ರಬ್ಬರಿನ ಬಳೆ. ಅದು ಗೋಡೆಗೆ ಒತ್ತಿ ಕೂರುವುದೇ ಮಿ.ಮೀ.ನ ಕೆಲವು ದಶಾಂಶದ ಲೆಕ್ಕದಲ್ಲಿ. ಗೋಡೆ ಅದಕ್ಕಿಂತ ಹೆಚ್ಚು ದೂರ ಸರಿದರೆ ಅದು ಹಿಗ್ಗಿ ಹೋಗಿ ಮುಟ್ಟುವುದಿಲ್ಲ. ಹಿಡಿ ಒತ್ತಿದರೆ ಅರ್ಧದವರೆಗೆ ಸಲೀಸು, ವೈಸ್ ಕಚ್ಚಿದ ಜಾಗದಲ್ಲಿ ಬಿಗಿ, ಅಲ್ಲೇ ಪಕ್ಕದಿಂದ ಗಾಳಿ ಮೇಲಕ್ಕೆ ನುಸುಳುತ್ತಿತ್ತು. ಇನ್ನು ಮುಚ್ಚಳ ಬಿಚ್ಚಿದ ಮೇಲೆ ಒಳಗೆ ಕಂಡದ್ದೇನು? ಓ-ರಿಂಗ್ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಏನೂ ಆಗಿರದ ಭಾಗವನ್ನು ನೋಡುವುದಕ್ಕೋಸ್ಕರ ಚೆನ್ನಾಗಿದ್ದ ಬ್ಯಾರಲ್ಲನ್ನು ಹಾಳು ಮಾಡಿದ್ದೆ.

ಕಂಪನಿಗೆ ಬರೆದೆ. ಬ್ಯಾರಲ್ಲು ಬಿಡಿಯಾಗಿ ಸಿಗುವುದಿಲ್ಲ, ಹೊಸ ಪಂಪಿಗೆ ರಿಯಾಯಿತಿ ಕೊಡುತ್ತೇವೆ ಅಂದರು.

ದೀಪಾವಳಿಗೆ ಊರಿಗೆ ಹೋದಾಗ ಅದನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ವಿಜಯಪುರ, ಬಾಗಲಕೋಟೆ ಕಡೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ರಾಜ್ಯದ ರೇಸ್ ಸೈಕ್ಲಿಸ್ಟುಗಳಲ್ಲಿ ದೊಡ್ಡ ಪಾಲು ಅಲ್ಲಿಯವರೇ. ಬೆಳಗಿನ ಜಾವ ಹೆದ್ದಾರಿಯಲ್ಲಿ ಹುಡುಗ ಹುಡುಗಿಯರು ಸಾಲಾಗಿ ಹೊರಟಿರುತ್ತಾರೆ. ಹೀಗಾಗಿ ಹಳೇ ಸೈಕಲ್ ಅಂಗಡಿಯವರಿಗೂ ರೇಸ್ ಸೈಕಲ್ಲಿನ ತೆಳು ವಾಲ್ವ್, ಅಂದರೆ ಪ್ರೆಸ್ಟಾ ವಾಲ್ವ್, ಹೊಸದಲ್ಲ. ಅಂಗಡಿ ಕಾಕಾ ನನ್ನ ಪುರಾಣವನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು: "ಮೊದಲ ಬಾಯಿ ಮುಚ್ಚಿ ನೋಡಿದ್ರೇನ್ರಿ?"

ನನ್ನ ಬಾಯಿ ಅಂದುಕೊಂಡೆ. ಅವರು ಹೇಳಿದ್ದು ಪಂಪಿನ ಬಾಯಿ. ಹೆಡ್ಡಿನ, ಅಂದರೆ ಹೋಸಿನ ತುದಿಯಲ್ಲಿ ವಾಲ್ವಿಗೆ ಸಿಕ್ಕಿಸುವ ಭಾಗದ, ತೂತಿಗೆ ಹೆಬ್ಬೆರಳು ಗಟ್ಟಿಯಾಗಿ ಇಟ್ಟು ಹಿಡಿ ಒತ್ತಬೇಕು. ಹಿಡಿ ಸ್ವಲ್ಪ ಇಳಿದು ಸ್ಪ್ರಿಂಗಿನಂತೆ ತಡೆದು ನಿಂತರೆ ಪಿಸ್ಟನ್ ಸರಿ ಇದೆ, ಹೋಸೂ ಸರಿ ಇದೆ. ದೋಷ ಇರುವುದು ಹೆಡ್ಡಿನೊಳಗಿನ ರಬ್ಬರಿನಲ್ಲಿ, ಅದು ವಾಲ್ವನ್ನು ಬಿಗಿಯಾಗಿ ಹಿಡಿಯುತ್ತಿಲ್ಲ. ತಡೆಯದೆ ಮೆಲ್ಲಗೆ ತಳಕ್ಕೆ ಇಳಿದರೆ ಹೋಸನ್ನು ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಗುಳ್ಳೆ ಇಲ್ಲದಿದ್ದರೆ ಆಗ ಪಿಸ್ಟನ್ ವಾಷರಿನ ಮೇಲೆ ಅನುಮಾನ ಪಡಿ. ಇನ್ನು ಟಯರಿಗೆ ಹೊಡೆಯುತ್ತ ಕೈ ಬಿಟ್ಟಾಗ ಹಿಡಿ ತಾನಾಗೇ ಮೇಲೇಳುತ್ತದೆಯೇ? ತಳದ ಒಮ್ಮುಖ ವಾಲ್ವಿನಲ್ಲಿ ಕಸ ಕೂತಿದೆ, ಬಿಚ್ಚಿ ಒರೆಸಿದರೆ ಸಾಕು. ಇಷ್ಟು ನೋಡೋಕೆ ಎರಡು ನಿಮಿಷ ಬೇಡ, ಒಂದು ಸ್ಪ್ಯಾನರೂ ಬೇಡ. ನನ್ನ ಪಂಪಿನಲ್ಲಿ ಹೋಗಿದ್ದದ್ದು ಹೆಡ್ಡಿನ ರಬ್ಬರು. ಪ್ರೆಸ್ಟಾ ವಾಲ್ವಿನ ಮರೆ ಪ್ರತಿ ಸಲ ಉಜ್ಜಿ ಉಜ್ಜಿ ಅದರ ತೂತನ್ನು ಅಗಲ ಮಾಡಿತ್ತು, ಅಷ್ಟೇ. ಒಂದು ಟೀ ಕುಡಿಯುವ ದುಡ್ಡಿನ ಸಾಮಾನು.

ಕಾಕಾ ರಬ್ಬರು ಬದಲಿಸಿದರು. ಬ್ಯಾರಲ್ಲಿಗೆ ಮಾತ್ರ ಮದ್ದಿರಲಿಲ್ಲ. ಹೋಸ್ ಕತ್ತರಿಸಿ, ಹೆಡ್ ಸಮೇತ ತಮ್ಮಲ್ಲಿದ್ದ ಕಬ್ಬಿಣದ ಸಾದಾ ಪಂಪಿನ ಮೂತಿಗೆ ತುರುಕಿ, ಕ್ಲಿಪ್ ಹಾಕಿ ತಿರುಪು ಬಿಗಿದು ಕೊಟ್ಟರು. ಇವತ್ತಿಗೂ ಅದೇ ನನ್ನ ಪಂಪು.

ಈಗ ನಿಮ್ಮ ಷರತ್ತಿಗೆ ಬರುತ್ತೇನೆ. ಎರಡೂ ತಪ್ಪು ಅಂತ ನನ್ನ ಅಭಿಪ್ರಾಯ.

260ರ ಲೆಕ್ಕ ನೀವೇ ಹಾಕಿ ನೋಡಿ. 32 ಮಿ.ಮೀ. ಒಳವ್ಯಾಸದ ಬ್ಯಾರಲ್ಲಿನ ಪಿಸ್ಟನ್ ವಿಸ್ತೀರ್ಣ ಸುಮಾರು 8 ಚದರ ಸೆಂ.ಮೀ. 260 ಪಿಎಸ್‌ಐ ಅಂದರೆ ಚದರ ಸೆಂ.ಮೀ.ಗೆ 18 ಕೆ.ಜಿ.ಗಿಂತ ಹೆಚ್ಚು. ಹಿಡಿಯ ಮೇಲೆ ಬೀಳಬೇಕಾದ ಭಾರ ಸುಮಾರು 147 ಕೆ.ಜಿ. ಯಾರು ಒತ್ತುತ್ತಾರೆ ಸ್ವಾಮಿ? ಅದೇ ಪಂಪಿನಲ್ಲಿ ನಿಮ್ಮ ಹೈಬ್ರಿಡ್ಡಿಗೆ ಬೇಕಾದ 60 ಪಿಎಸ್‌ಐಗೆ 34 ಕೆ.ಜಿ. ಸಾಕು. 38 ಮಿ.ಮೀ.ನ ದಪ್ಪ ಬ್ಯಾರಲ್ಲಾದರೆ 48 ಕೆ.ಜಿ. ಬೀಳುತ್ತದೆ, ಆದರೆ ಪ್ರತಿ ಒತ್ತಿಗೂ ಹೆಚ್ಚು ಗಾಳಿ, ಕೆಲಸ ಬೇಗ ಮುಗಿಯುತ್ತದೆ. 35 ಮಿ.ಮೀ. ಟಯರಿಗೆ ದಪ್ಪ ಬ್ಯಾರಲ್ಲೇ ಸುಖ. ಮೇಲಾಗಿ 260ರ ಗೇಜಿನಲ್ಲಿ 60 ಅನ್ನುವುದು ಮೊದಲ ಕಾಲುಭಾಗದಲ್ಲಿ ಬರುತ್ತದೆ. ಇಂಥ ಮುಳ್ಳಿನ ಗೇಜುಗಳನ್ನು ನಡುಭಾಗದಲ್ಲಿ ನಂಬಬಹುದು, ಆರಂಭದಲ್ಲಿ ಅಷ್ಟಾಗಿ ಅಲ್ಲ. ನಿಮಗೆ ಬೇಕಿರುವುದು 100 ಅಥವಾ 120ರ ಗೇಜು.

ಇನ್ನು ಹತ್ತು ವರ್ಷ ಬಿಚ್ಚದೆ ಬಾಳುವ ಪಂಪು. ಉಜ್ಜಾಡುವ ರಬ್ಬರು, ಚರ್ಮ ಎರಡೂ ಸವೆಯಲೇಬೇಕು, ಯಾವ ದೇಶದ್ದಾದರೂ. ಸವೆದ ದಿನ ಆ ತುಂಡು ನಿಮ್ಮ ಕೈಗೆ ಸಿಗುತ್ತದೆಯೇ, ಪಂಪು ಅದಕ್ಕೆ ಬಾಯಿ ತೆರೆಯುತ್ತದೆಯೇ ಅನ್ನುವುದನ್ನು ಮಾತ್ರ ಅಂಗಡಿಯಲ್ಲಿ ಕೇಳಿ. ದುಡ್ಡು ಕೊಡುವ ಮುಂಚೆ ಮುಚ್ಚಳವನ್ನು ಅಲ್ಲೇ ಕೈಯಿಂದ ಬಿಚ್ಚಿ ತೋರಿಸಲು ಹೇಳಿ. ಮುಜುಗರ ಬೇಡ, ಸೀರೆ ಅಂಗಡಿಯಲ್ಲಿ ಇಡೀ ಸೆರಗು ಬಿಡಿಸಿ ನೋಡುವುದಿಲ್ಲವೇ. ಹೋಸ್ ತಳಕ್ಕೆ ಸೇರುವಲ್ಲಿ ತಿರುಪಿನ ಕ್ಲಿಪ್ಪೋ ಮರೆಯೋ ಇರಬೇಕು. ತಗಡು ಒತ್ತಿ ಮುಚ್ಚಿದ್ದರೆ ಹೋಸ್ ಹರಿದ ದಿನವೇ ಪಂಪಿನ ಕೊನೆಯ ದಿನ. ಕಾಲಿಡುವ ತಳ ಲೋಹದ್ದಿರಲಿ. ಹೆಡ್ಡಿನ ರಬ್ಬರು ಬಿಡಿಯಾಗಿ ಎಷ್ಟು ಅಂತ ಕೇಳಿ, "ಇಡೀ ಪಂಪೇ ಬದಲಾಯಿಸಿಬಿಡಿ ಸರ್" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಹೆಸರುಗಳು ಬೇಕೇ ಬೇಕು ಅಂದರೆ: ಜರ್ಮನಿಯ ಎಸ್‌ಕೆಎಸ್ ಕಂಪನಿಯ ರೆನ್‌ಕಂಪ್ರೆಸರ್ ದಶಕಗಳಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ, ಬಿಡಿಭಾಗ ಮಾರುತ್ತಾರೆ. ಮಿಲಾನಿನಲ್ಲಿ 1917ರಲ್ಲಿ ಶುರುವಾಗಿ ಈಗ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಹೋಗಿರುವ ಸಿಲ್ಕಾದ ಹಳೇ ಪಂಪುಗಳಿಗೂ ಚರ್ಮದ ವಾಷರ್ ಸಿಗುತ್ತದೆ, ಆದರೆ ಆ ಬೆಲೆಗೆ ನಮ್ಮೂರಲ್ಲಿ ಸೈಕಲ್ಲೇ ಬರುತ್ತದೆ. ಟೋಪೀಕಿನ ಜೋಬ್ಲೋ ಪಂಪುಗಳಿಗೆ ರಿಪೇರಿ ಕಿಟ್ ಇದೆ. ಇವುಗಳಲ್ಲಿ ಯಾವುದನ್ನು ಕೊಂಡರೂ ಕಿಟ್ಟನ್ನೂ ಅದೇ ದಿನ ಕೊಂಡು ಡಬ್ಬಿಯಲ್ಲಿ ಹಾಕಿಡಿ.

ನನ್ನನ್ನು ಕೇಳಿದರೆ ನಿಮ್ಮ ಆರು ಸಾವಿರದಲ್ಲಿ ಬಹುಪಾಲು ಉಳಿಸಿಕೊಳ್ಳಿ. ಹಳೇ ಸೈಕಲ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಪಂಪು, ಪ್ರೆಸ್ಟಾಕ್ಕೂ ಮೋಟಾರ್‌ಬೈಕಿನಲ್ಲಿರುವಂಥ ದಪ್ಪ ವಾಲ್ವಿಗೂ ಹೊಂದುವ ಒಂದು ಒಳ್ಳೇ ಹೆಡ್ಡು, ಬಿಡಿಯಾಗಿ ಒಂದು ಪ್ರೆಶರ್ ಗೇಜು ತೆಗೆದುಕೊಳ್ಳಿ. ನೋಡೋಕೆ ಒರಟು, ಹಿಡಿ ಬಣ್ಣ ಬಿಡುತ್ತದೆ, ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಕಡಕಡ ಅನ್ನುತ್ತದೆ. ಆದರೆ ಚರ್ಮದ ವಾಷರ್ ಅನ್ನುವುದು ಬಟ್ಟಲಿನ ಆಕಾರದ್ದು, ಅದರ ಅಂಚು ಕೆಳಮುಖವಾಗಿರುತ್ತದೆ. ಗಾಳಿ ಒತ್ತಿದಷ್ಟೂ ಅಂಚು ಅರಳಿ ಗೋಡೆಗೆ ಅಂಟುತ್ತದೆ. ಬ್ಯಾರಲ್ಲು ತುಸು ಸವೆದಿದ್ದರೂ, ನನ್ನಂಥವರ ಕೈಗೆ ಸಿಕ್ಕಿ ತುಸು ಸೊಟ್ಟಗಾಗಿದ್ದರೂ ಓ-ರಿಂಗಿನಷ್ಟು ಹಟ ಮಾಡುವುದಿಲ್ಲ. ಓ-ರಿಂಗ್ ಪಂಪೇ ಇದ್ದರೂ ಚಿಂತೆಯಿಲ್ಲ, ಹಳೇ ರಿಂಗನ್ನು ಕಿಸೆಯಲ್ಲಿಟ್ಟುಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಪೇಟೆಗೆ ಹೋದರೆ ಒಳವ್ಯಾಸ, ದಪ್ಪ ಅಳೆದು ಕೊಡುತ್ತಾರೆ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ.

ಚರ್ಮಕ್ಕೆ ಎಣ್ಣೆ ಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಣಗಿ ಹಪ್ಪಳವಾಗುತ್ತದೆ. ಆಗ ಪಂಪು ಸತ್ತಿತು ಅಂದುಕೊಳ್ಳಬೇಡಿ. ವಾಷರ್ ತೆಗೆದು ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಹಾಕಿ, ಅಂಚನ್ನು ಬೆರಳಿಂದ ಅರಳಿಸಿ, ಹೆಚ್ಚಿನ ಎಣ್ಣೆ ಒರೆಸಿ ಕೂರಿಸಿ. ಹರಳೆಣ್ಣೆ ರಬ್ಬರನ್ನು ತಿನ್ನುವುದಿಲ್ಲ. ಎಂಜಿನ್ ಆಯಿಲ್, ಸೀಮೆಎಣ್ಣೆ ಬೇಡ, ಅವು ಹೋಸಿಗೆ ಇಳಿದು ಸಹಜ ರಬ್ಬರನ್ನು ಉಬ್ಬಿಸುತ್ತವೆ. ಕೊಬ್ಬರಿ ಎಣ್ಣೆಯೂ ಬೇಡ: 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ಮುಂಜಾನೆ ಹಿಡಿ ಮೇಲೇಳುವುದೇ ಇಲ್ಲ.

ಮಗಳ ಸಾದಾ ಸೈಕಲ್ಲಿನ ವಿಷಯ ಬೇರೆ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಡುತ್ತಿದ್ದಂಥ ಸೈಕಲ್ಲಾದರೆ ಅದರಲ್ಲಿ ವಾಲ್ವ್ ಟ್ಯೂಬ್ ಅನ್ನುವ ಸಣ್ಣ ರಬ್ಬರ್ ಕೊಳವೆ ತೊಡಿಸಿದ ಹಳೇ ಬಗೆಯ ವಾಲ್ವ್ ಇರುವ ಸಂಭವವೇ ಹೆಚ್ಚು. ಹೆಡ್ಡಿನ ಪ್ರೆಸ್ಟಾ ಬದಿ ಅದಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಆದರೆ ಗೇಜು ತೋರಿಸುವುದನ್ನು ನಂಬಬೇಡಿ. ಆ ರಬ್ಬರ್ ಕೊಳವೆಯನ್ನು ಅರಳಿಸಿ ಗಾಳಿ ಒಳಗೆ ನುಗ್ಗಬೇಕಾದ್ದರಿಂದ ಪಂಪಿನೊಳಗಿನ ಒತ್ತಡ ಟಯರಿನದಕ್ಕಿಂತ ಜಾಸ್ತಿ ಇರುತ್ತದೆ, ಒಳಗಿನ ಗಾಳಿ ಗೇಜಿನತ್ತ ಮರಳುವುದೂ ಇಲ್ಲ. ಹೆಬ್ಬೆರಳಿಂದ ಟಯರ್ ಒತ್ತಿ ನೋಡುವುದೇ ಸರಿ. ವಾರಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುವ ಮೊದಲು ಆ ವಾಲ್ವ್ ಟ್ಯೂಬನ್ನು ಬದಲಿಸಿ. ಪಂಪು ಕೊಳ್ಳುವ ಅಂಗಡಿಯಲ್ಲೇ ಒಂದು ಮೊಳ ಕೇಳಿ, ಚಿಲ್ಲರೆ ಬದಲು ಕೊಟ್ಟುಬಿಡುತ್ತಾರೆ.