ಪ್ರತಿಕ್ರಿಯೆ: ಎಡ್ವಿನ್ ಜಾಕ್ಸನ್ ಮತ್ತು ಹದಿನಾಲ್ಕು ತಂಡಗಳು

ಹದಿನಾಲ್ಕು ತಂಡಗಳು ಉಳಿಸಿಕೊಳ್ಳದ, ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಎಡ್ವಿನ್ ಜಾಕ್ಸನ್ ಅವರನ್ನು ಸಮರ್ಥ ಆಟಗಾರರೆಂದು ಹೇಗೆ ಕರೆಯುವುದೆಂದು ತಾವು ಕೇಳಿದ್ದೀರಿ. ಅಷ್ಟೂ ತಂಡಗಳು ಅವರನ್ನು ಬಯಸಿ ಕರೆದುಕೊಂಡವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2003ರಲ್ಲಿ, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದಂದೇ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪರ ಪದಾರ್ಪಣೆ ಮಾಡಿ, ರ‍್ಯಾಂಡಿ ಜಾನ್ಸನ್‌ರಂಥ ದಿಗ್ಗಜ ಪಿಚರ್ ಎದುರು ಗೆದ್ದವರು ಅವರು. ಎಸೆತದ ವೇಗ ಅವರಿಗೆ ಸಹಜವಾಗಿ ಒಲಿದಿತ್ತು. ನಿಯಂತ್ರಣ ಮಾತ್ರ ಒಲಿಯಲಿಲ್ಲ. 2010ರ ಜೂನ್ 25ರಂದು ಅರಿಜೋನಾ ಪರ ಎದುರಾಳಿಗೆ ಒಂದೂ ಹಿಟ್ (ಚೆಂಡನ್ನು ಹೊಡೆದು ಬೇಸ್ ತಲುಪುವುದು) ಕೊಡದೆ ಪಂದ್ಯ ಮುಗಿಸಿದರಾದರೂ, ಅದಕ್ಕೆ 149 ಎಸೆತಗಳು ಬೇಕಾದವು ಮತ್ತು ಎಂಟು ಬಾರಿ ಬ್ಯಾಟರ್‌ಗಳಿಗೆ ಗುರಿ ತಪ್ಪಿದ ಎಸೆತಗಳಿಂದ ಮೊದಲ ಬೇಸನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಅವರ ಇಡೀ ವೃತ್ತಿಜೀವನವೇ ಆ ಒಂದು ಪಂದ್ಯದಲ್ಲಿದೆ ಎಂದು ನನಗನ್ನಿಸುತ್ತದೆ.

ತಂಡ ಬದಲಾವಣೆಯೆಂದರೆ ತಿರಸ್ಕಾರವೆಂದೇ ಅರ್ಥವಲ್ಲ, ಏಕೆಂದರೆ ಬೇಸ್‌ಬಾಲ್‌ನ ಅಗ್ರ ಸ್ಪರ್ಧೆಯಾದ ಮೇಜರ್ ಲೀಗ್‌ನಲ್ಲಿ ಬಹುಪಾಲು ಆಟಗಾರರ ಒಪ್ಪಂದವನ್ನು ಅವರ ಸಮ್ಮತಿ ಕೇಳದೆಯೇ ಬೇರೆ ತಂಡಕ್ಕೆ ವರ್ಗಾಯಿಸಬಹುದು. 2011ರ ಜುಲೈನಲ್ಲಿ ಷಿಕಾಗೊ ವೈಟ್ ಸಾಕ್ಸ್ ಅವರನ್ನು ಟೊರಾಂಟೊಗೆ ಕೊಟ್ಟಿತು, ಟೊರಾಂಟೊ ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿತು, ಆ ವರ್ಷ ಸೇಂಟ್ ಲೂಯಿಸ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನೇ ಗೆದ್ದಿತು. ಅಂದು ಒಂದು ಎಸೆತವನ್ನೂ ಹಾಕದೆ ಬಿಟ್ಟ ಟೊರಾಂಟೊ ಪರವೇ 2019ರ ಮೇ ತಿಂಗಳಲ್ಲಿ ಆಡಿ, ಅತಿ ಹೆಚ್ಚು ತಂಡಗಳ ಪರ ಆಡಿದ, ಪಿಚರ್ ಆಕ್ಟೇವಿಯೊ ಡೊಟೆಲ್ ಅವರ ಹದಿಮೂರು ತಂಡಗಳ ದಾಖಲೆಯನ್ನು ಮುರಿದದ್ದು ಸ್ವಾರಸ್ಯಕರ.

ಷಿಕಾಗೊ ಕಬ್ಸ್ ನಾಲ್ಕು ವರ್ಷಗಳಿಗೆ ಕೊಟ್ಟ 5.2 ಕೋಟಿ ಡಾಲರ್ ಮಾತ್ರ ದುಬಾರಿಯಾಯಿತೆಂದು ಒಪ್ಪುತ್ತೇನೆ: 2013ರಲ್ಲಿ ಜಾಕ್ಸನ್ ಹೆಸರಿಗೆ 18 ಸೋಲುಗಳು ಸೇರಿದವು. ಆದರೂ 162 ಪಂದ್ಯಗಳ ಋತುವಿನಲ್ಲಿ ಗಾಯಾಳುಗಳ ಜಾಗ ತುಂಬಲು, ಕರೆದಾಗ ಬಂದು ಪಂದ್ಯದ ಒಂಬತ್ತು ಇನಿಂಗ್ಸ್‌ಗಳಲ್ಲಿ ಐದಾರನ್ನು ಎಸೆಯಬಲ್ಲ ಅನುಭವಿಗೆ ಬೇಡಿಕೆ ತಪ್ಪುವುದಿಲ್ಲ.