ಎಂಎಸ್‌ಡಬ್ಲ್ಯೂ ಮುಗಿಸಿ ಎಚ್‌ಆರ್‌ಗೆ ಬರೋರು ಮೊದಲ ಕೆಲಸ ಎಲ್ಲಿ ಹಿಡೀಬೇಕು?

ನೀವು ಕೇಳಿರೋದು ಇಷ್ಟು: ಎಂಎಸ್‌ಡಬ್ಲ್ಯೂನಲ್ಲಿ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎಚ್‌ಆರ್, ಅಂದ್ರೆ ಸಿಬ್ಬಂದಿ ನಿರ್ವಹಣೆ ತಗೊಂಡು ಈಗಷ್ಟೇ ಮುಗಿಸಿದ್ದೀರಿ, ಕೈಯಲ್ಲಿ ಎರಡು ಆಫರ್ ಇವೆ. ಒಂದು ಕೋರಮಂಗಲದ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿ. ಇನ್ನೊಂದು ಪೀಣ್ಯದ ಫ್ಯಾಕ್ಟರಿಯಲ್ಲಿ ಟ್ರೈನಿ, ಸಂಬಳ ನಾಲ್ಕು ಸಾವಿರ ಕಡಿಮೆ. ಮನೆಯಲ್ಲಿ ತೀರಾ ಕಷ್ಟ ಇಲ್ಲ ಅಂದ್ರೆ ಫ್ಯಾಕ್ಟರಿಗೆ ಹೋಗಿ.

ನಾನೂ ಎಂಎಸ್‌ಡಬ್ಲ್ಯೂನೇ. 2015ರಲ್ಲಿ ಬೊಮ್ಮಸಂದ್ರದ ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ (ಹಾಜರಿ ಲೆಕ್ಕ ನೋಡೋ ವಿಭಾಗ) ಸೇರಿದೆ. ಇಂಟರ್‌ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ: ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುತ್ತಿದ್ದ ಒಬ್ಬನ ಸಂಬಳ ಜೂನ್‌ನಲ್ಲಿ ಅದರ ಮಿತಿ ದಾಟಿದರೆ ಕಡಿತ ಯಾವಾಗ ನಿಲ್ಲಿಸ್ತೀರಿ? 'ಜೂನ್‌ನಲ್ಲೇ' ಅಂದೆ. ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅದು ಮುಗಿಯೋವರೆಗೂ ಕಟ್ಟಲೇಬೇಕು. ಎರಡು ವರ್ಷ ಮೋಟಿವೇಶನ್ ಥಿಯರಿ ಓದಿದ್ದ ನನಗೆ ಇದು ಗೊತ್ತಿರಲಿಲ್ಲ. ಆದರೂ ಯಾಕೋ ತಗೊಂಡರು.

ಮೊದಲ ಆರು ತಿಂಗಳು ಪಂಚಿಂಗ್, ಓಟಿ ಲೆಕ್ಕ, ರಜೆ ಚೀಟಿ, ಕ್ಯಾಂಟೀನ್ ಜಗಳ, ಪಿಎಫ್ (ಭವಿಷ್ಯನಿಧಿ) ಚಲನ್, ಇಷ್ಟೇ. ಸಂಬಳದ ಚೀಟಿಯ ಒಂದೊಂದು ಸಾಲನ್ನೂ ಬಾಯಲ್ಲಿ ಬಿಡಿಸಿ ಹೇಳೋದು ಅಲ್ಲೇ ಬಂತು. 15,000 ಬೇಸಿಕ್ ಅಂದ್ರೆ ಕಾರ್ಮಿಕನ ಪಿಎಫ್ 1,800. ಮಾಲೀಕರ 1,800ರಲ್ಲಿ 1,250 ಪಿಂಚಣಿಗೆ, 550 ಮಾತ್ರ ಪಿಎಫ್‌ಗೆ. ಪಾಸ್‌ಬುಕ್ ಹಿಡಿದು 'ಕಂಪನಿ ದುಡ್ಡು ಯಾಕೆ ಕಮ್ಮಿ ಬಂದಿದೆ' ಅಂತ ಬರೋರು ತಿಂಗಳಿಗೆ ನಾಲ್ಕು ಜನ ಇದ್ದೇ ಇರ್ತಾರೆ. ಇದು ಕನ್ನಡದಲ್ಲಿ ಹೇಳೋಕೆ ಬಂದ್ರೆ ಅರ್ಧ ಗಲಾಟೆ ಅಲ್ಲೇ ಮುಗೀತು.

ನಾನೂ ತಪ್ಪು ಮಾಡಿದ್ದೀನಿ. ಅಸೆಂಬ್ಲಿ ಲೈನಿನ ಒಬ್ಬ ಅಕ್ಕ, ಗಂಡನ ಆಪರೇಷನ್‌ಗೆ ಪಿಎಫ್ ಅಡ್ವಾನ್ಸ್‌ಗೆ ಅರ್ಜಿ ಹಾಕಿದ್ದರು. ಅರ್ಜಿ ವಾಪಸ್ ಬಂತು. ನೋಡಿದರೆ ಪಿಎಫ್ ದಾಖಲೆಯಲ್ಲಿ ಅವರ ಹೆಸರಿಗೆ ಆಧಾರ್‌ನಲ್ಲಿ ಇಲ್ಲದ ಒಂದು 'ಎಚ್' ಸೇರಿಕೊಂಡಿತ್ತು. ಸೇರಿಸಿದವನು ನಾನೇ. ತಿದ್ದುಪಡಿಗೆ ಜಾಯಿಂಟ್ ಡಿಕ್ಲರೇಷನ್ (ಕಾರ್ಮಿಕ, ಕಂಪನಿ ಇಬ್ಬರೂ ಸೇರಿ ಕೊಡೋ ಅರ್ಜಿ), ಸಹಿ, ಸೀಲು, ಪಿಎಫ್ ಆಫೀಸಿಗೆ ಓಡಾಟ. ಅಷ್ಟರಲ್ಲಿ ಆಸ್ಪತ್ರೆಗೆ ಅವರು ಬಡ್ಡಿಗೆ ಸಾಲ ತಂದಿದ್ದರು. ಅವರು ಬೈಯಲಿಲ್ಲ. 'ನನ್ ಹೆಸ್ರು ಬರಿಯಕ್ಕೆ ನನಗೇ ಬರಲ್ಲ ಸಾರ್, ನೀವೇ ಅಲ್ವಾ ಬರ್ಕೊಂಡಿದ್ದು' ಅಂದರು. ಇವತ್ತಿಗೂ ಹೊಸಬರು ಸೇರುವಾಗ ಹೆಸರನ್ನು ಅಕ್ಷರ ಅಕ್ಷರವಾಗಿ ಜೋರಾಗಿ ಓದಿಸ್ತೀನಿ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. 19ನೇ ತಾರೀಖಿಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆಡಳಿತದವರಿಗೆ 'ಕಂಪ್ಲಯನ್ಸ್' (ಕಾನೂನು ಪಾಲನೆ) ಅನ್ನಿಸೋದು ಆ ಹೆಣ್ಣುಮಕ್ಕಳಿಗೆ ಮಗಳ ಕಾಲೇಜು ಫೀಸು. ನನಗೆ ಇದು ಕ್ಲಾಸಿನಲ್ಲಿ ಅರ್ಥ ಆಗಿರಲಿಲ್ಲ.

ಕನ್ಸಲ್ಟೆನ್ಸಿಯನ್ನು ಕೀಳು ಅಂತ ಹೇಳ್ತಿಲ್ಲ. ಫೋನಿನಲ್ಲಿ ಮಾತಾಡೋ ಧೈರ್ಯ ಬರುತ್ತೆ, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಬರುತ್ತೆ. ಆದರೆ ಎರಡು ವರ್ಷ ಬರೀ ರೆಸ್ಯೂಮೆ ಕಳಿಸಿದವರನ್ನು ಆಮೇಲೆ ಫ್ಯಾಕ್ಟರಿಯವರು ಸುಲಭಕ್ಕೆ ತಗೊಳ್ಳಲ್ಲ. ಫ್ಯಾಕ್ಟರಿಯಿಂದ ಕನ್ಸಲ್ಟೆನ್ಸಿಗೆ ಹೋಗೋದು ಸಲೀಸು. ಇನ್ನು 'ಡಿಪಾಸಿಟ್ ಕಟ್ಟಿ' ಅನ್ನೋ ಕನ್ಸಲ್ಟೆನ್ಸಿ ಆದರೆ ಎದ್ದು ಬನ್ನಿ, ಮಾತೇ ಬೇಡ.

ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 29 ಹಳೆಯ ಕಾನೂನುಗಳ ಜಾಗದಲ್ಲಿ. ನೀವು ಓದಿದ್ದು ಬಹುಶಃ 1948ರ ಫ್ಯಾಕ್ಟರಿ ಕಾಯ್ದೆ. ಅದರಲ್ಲಿ 500 ಕಾರ್ಮಿಕರಿದ್ದರೆ ವೆಲ್ಫೇರ್ ಆಫೀಸರ್ ಬೇಕಿತ್ತು; ಹೊಸದರಲ್ಲಿ 250 ಇದ್ದರೆ ಸಾಕು. ನಮ್ಮಂಥ ಎಂಎಸ್‌ಡಬ್ಲ್ಯೂಗಳಿಗೆ ಇದು ಒಳ್ಳೇ ಸುದ್ದಿ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದೂ ವೇತನಕ್ಕೇ ಸೇರುತ್ತೆ. ಇಂಟರ್‌ವ್ಯೂನಲ್ಲಿ ಇದನ್ನು ಒಂದು ಉದಾಹರಣೆ ಹಾಕಿ ಬಿಡಿಸಿ ತೋರಿಸಿ, ಎದುರಿನವರು ಪೆನ್ನು ಕೆಳಗಿಟ್ಟು ಕೇಳ್ತಾರೆ.

ಸೇರೋ ಮುಂಚೆ ಒಂದು ನೋಡಿಕೊಳ್ಳಿ: ಆರ್ಡರ್ ಕಂಪನಿ ಲೆಟರ್‌ಹೆಡ್‌ನಲ್ಲಿದೆಯಾ, ಕಾಂಟ್ರಾಕ್ಟರ್ ಲೆಟರ್‌ಹೆಡ್‌ನಲ್ಲಿದೆಯಾ? ಕಾಂಟ್ರಾಕ್ಟರ್‌ದಾದರೆ ಒಂದು ವರ್ಷ ಆದ ಮೇಲೆ ಕಂಪನಿ ರೋಲ್‌ಗೆ (ಕಂಪನಿಯ ಸ್ವಂತ ನೌಕರರ ಪಟ್ಟಿಗೆ) ತಗೊಳ್ತೀರಾ ಅಂತ ಈಗಲೇ ಕೇಳಿ, ಉತ್ತರ ಮೇಲ್‌ನಲ್ಲಿ ತರಿಸಿಕೊಳ್ಳಿ.