ಓದುಗರ ಪ್ರಶ್ನೆ: ದಪ್ಪ ದನಿಯ ಹುಡುಗಿಯರು ಮತ್ತು ಉಷಾ ಉತ್ತುಪ್

ಹೋದ ಸಂಚಿಕೆಯಲ್ಲಿ ಪಾಪ್ ಗಾಯಕಿ, ನಟಿ ಉಷಾ ಉತ್ತುಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಣ್ಣಿನ ದನಿ ಹೀಗೂ ಇರುತ್ತದೆ ಎಂದು ಇಡೀ ದೇಶಕ್ಕೆ ಕೇಳಿಸಿದವರು ಅವರು ಅಂತ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರ ಓದಿದ ಮೇಲೆ ನನಗೆ ಚಿಕ್ಕದಾಗಿ ಬರೆಯಲು ಆಗಲಿಲ್ಲ.

ಮೇಡಂ, ನನ್ನ ಮಗಳಿಗೆ ಹದಿಮೂರು ವರ್ಷ. ಹಾಡು ಅಂದರೆ ಪ್ರಾಣ. ಆದರೆ ದನಿ ದಪ್ಪ. ಆಗಸ್ಟ್ 15ರ ಸಮೂಹಗಾನಕ್ಕೆ ಶಾಲೆಯಲ್ಲಿ ಅಭ್ಯಾಸ ಮಾಡಿಸುವಾಗ ‘ನಿಂದು ಗಂಡು ದನಿ, ಉಳಿದವರ ಜೊತೆ ಸೇರಲ್ಲ’ ಅಂತ ಸಾಲಿನಿಂದ ಹೊರಗೆ ಕೂರಿಸಿದರಂತೆ. ಈಗ ಮನೆಯಲ್ಲೂ ಬಾಯಿ ಬಿಡುತ್ತಿಲ್ಲ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಅಮ್ಮ, ಮೊದಲು ನಿಮ್ಮ ಮಗಳಿಗೆ ಒಂದು ವಿಷಯ ಹೇಳಿ. ಉಷಾ ಉತ್ತುಪ್ ಅವರಿಗೂ ಇದೇ ಆಗಿತ್ತು. ಹುಟ್ಟಿದ್ದು 1947ರಲ್ಲಿ, ಮುಂಬೈಯ ತಮಿಳು ಅಯ್ಯರ್ ಮನೆತನದಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಬೆಳೆದದ್ದು ಬೈಕುಲ್ಲಾದ ಪೊಲೀಸ್ ವಸತಿಯಲ್ಲಿ. ಓದಿದ್ದು ಅಲ್ಲಿಯ ಕಾನ್ವೆಂಟಿನಲ್ಲಿ. ಈ ಹುಡುಗಿಯ ದನಿ ಹಾಡಿಗೆ ಹೊಂದುವುದಿಲ್ಲ ಎಂದು ಸಂಗೀತದ ತರಗತಿಯಿಂದ ಹೊರಗೆ ಹಾಕಿದ್ದರು. ಆದರೂ ಟೀಚರಿಗೆ ಅವಳಲ್ಲಿ ಸಂಗೀತ ಇದೆ ಅನ್ನುವುದು ಗೊತ್ತಾಗಿತ್ತು. ಕೈಗೆ ಟ್ರಯಾಂಗಲ್ ಕೊಟ್ಟು ತಾಳ ಹಾಕಲು ಕೂರಿಸಿದರು. ಇದನ್ನು ಉಷಾ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಅಕ್ಕಂದಿರು ಮೊದಲೇ ಹಾಡುತ್ತಿದ್ದರು. ಮನೆಯಲ್ಲಿ ರೇಡಿಯೊ ಸಿಲೋನ್ ಸದಾ ಮೊಳಗುತ್ತಿತ್ತು. ಕಿಶೋರಿ ಅಮೋಣಕರ್, ಬಡೇ ಗುಲಾಂ ಅಲಿ ಖಾನ್, ಇಂಗ್ಲಿಷ್ ಹಾಡು ಎಲ್ಲವೂ ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದವು. ಅದೇ ಆಕೆಯ ಪಾಠಶಾಲೆ. ಒಂಬತ್ತು ವರ್ಷದವಳಿದ್ದಾಗ ರೇಡಿಯೊ ನಿರೂಪಕ ಅಮೀನ್ ಸಯಾನಿ ಆಕೆಯನ್ನು ಅದೇ ರೇಡಿಯೊದ ಒಂದು ಕಾರ್ಯಕ್ರಮದಲ್ಲಿ ಹಾಡಿಸಿದರು. ಶಾಲೆ ಬೇಡ ಅಂದ ದನಿಯನ್ನು ಊರೆಲ್ಲ ಕೇಳಿತು!

ಈಗ ನಿಮ್ಮ ಮಗಳ ವಿಷಯ. ಗಂಡು ಮಕ್ಕಳ ಹಾಗೆ ಹೆಣ್ಣು ಮಕ್ಕಳ ದನಿಯೂ ಹನ್ನೊಂದರಿಂದ ಹದಿನಾಲ್ಕರ ನಡುವೆ ಬದಲಾಗುತ್ತದೆ. ಹುಡುಗರದು ಒಂದಿಡೀ ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಇಳಿದರೆ ಹುಡುಗಿಯರದು ಎರಡು ಮೂರು ಸ್ವರಸ್ಥಾನ ಇಳಿಯುತ್ತದೆ. ಆ ಸಮಯದಲ್ಲಿ ದನಿಯಲ್ಲಿ ಗಾಳಿ ಸೇರುವುದು, ಮೇಲಿನ ಸ್ವರ ಒಡೆಯುವುದು ಸಹಜ. ಶಾಲೆಯ ಸಮೂಹಗಾನಕ್ಕೆ ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ಶ್ರುತಿ ಇಟ್ಟುಬಿಡುತ್ತಾರೆ. ಶ್ರುತಿ ಅಂದರೆ ಹಾಡಿಗೆ ಆಧಾರವಾದ ‘ಸ’ದ ಎತ್ತರ, ಅದನ್ನು ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ; ಮನೆ ಹೆಚ್ಚಾದಷ್ಟೂ ದನಿ ಮೇಲೆ. ಹೆಚ್ಚಿನ ಹುಡುಗಿಯರಿಗೆ ಅದು ಸರಿ. ನಿಮ್ಮ ಮಗಳಿಗೆ ಬಹುಶಃ ಮೂರು ಮನೆಯೋ, ಅದಕ್ಕೂ ಕೆಳಗೋ ಬೇಕು. ಐದರಲ್ಲಿ ಹಾಡು ಎಂದರೆ ಅವಳು ಕಿರುಚಬೇಕು, ಇಲ್ಲವೇ ಇಡೀ ಸ್ಥಾಯಿ ಕೆಳಗಿಳಿದು ಗೊಣಗಬೇಕು. ಕೇಳುವವರಿಗೆ ಅದು ಬೇಸುರ ಅನ್ನಿಸುತ್ತದೆ. ಅವಳಿಗೆ ಸ್ವರ ಇಲ್ಲ ಅಂತ ಅಲ್ಲ, ಅವಳ ಶ್ರುತಿಯನ್ನು ಯಾರೂ ಹುಡುಕಿಲ್ಲ ಅಷ್ಟೇ.

ಹೀಗೆ ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ. ಮೂರು ಮನೆ ಇಟ್ಟು ಬರೀ ಷಡ್ಜ (ಸ) ಹಿಡಿಯಲು ಹೇಳಿ. ಅಲ್ಲಿಂದ ಕೆಳಗಿನ ಪಂಚಮದವರೆಗೆ (ಪ) ಇಳಿಯಲಿ, ಮೇಲಿನ ಷಡ್ಜದವರೆಗೆ ಹತ್ತಲಿ. ಎರಡೂ ಕಡೆ ಕತ್ತಿನ ನರ ಬಿಗಿಯದೆ ಬಂದರೆ ಅದೇ ಅವಳ ಮನೆ. ಬಿಗಿದರೆ ಅರ್ಧ ಮನೆ ಆಚೀಚೆ ಮಾಡಿ ನೋಡಿ. ಪಕ್ಕದಲ್ಲಿ ಯಾರೂ ನಗಬಾರದು, ಅಪ್ಪನೂ ಅಣ್ಣನೂ ಸೇರಿ. ಒಂದು ಎಚ್ಚರ ಹೇಳಿಬಿಡುತ್ತೇನೆ. ದನಿ ದಪ್ಪ ಇರುವುದು ಬೇರೆ, ಒಡಕಾಗಿ ಗೊರಗೊರ ಅನ್ನುವುದು ಬೇರೆ. ಮಾತಾಡುವಾಗಲೂ ಗೊರಗೊರ ಇದ್ದು ಮೂರು ನಾಲ್ಕು ವಾರ ಕಳೆದರೂ ಹೋಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ನಾನು ಹುಬ್ಬಳ್ಳಿಯವಳು, ನಮ್ಮವರ ಮಾತು ಬಾರದೆ ಈ ಉತ್ತರ ಮುಗಿಯುವುದಿಲ್ಲ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳು, ಮೇಲಿನ ದನಿ. ಆಮೇಲೆ ಗಂಟಲಿನ ತೊಂದರೆ, ಅದಕ್ಕೆ ಚಿಕಿತ್ಸೆ. ದನಿ ಇಳಿದುಬಿಟ್ಟಿತು. ರೇಡಿಯೊದಲ್ಲಿ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಅವರು ಆ ದನಿಯಲ್ಲೇ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ದನಿಗೇ. ಎರಡೂ ಕಾಲದ ಧ್ವನಿಮುದ್ರಣ ಸಿಗುತ್ತವೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದಾದ ಮೇಲೆ ಒಂದು ಕೇಳಿಸಿ. ನೀವೇನೂ ವಿವರಿಸಬೇಡಿ.

ಕ್ಲಬ್ಬುಗಳಲ್ಲಿ ಹಾಡಿದವರನ್ನು, ಡಿಸ್ಕೊ ಹಾಡಿದವರನ್ನು ನೀವು ಹೀಗೆ ಹೊಗಳುವುದು ಸರಿಯೇ? ಇದು ನಮ್ಮ ಸಂಸ್ಕೃತಿಯೇ?
— ನಿವೃತ್ತ ಶಿಕ್ಷಕರು, ಮೈಸೂರು

ಸರ್, ನಿಮ್ಮ ಪ್ರಶ್ನೆಯನ್ನು ಗೌರವದಿಂದಲೇ ತೆಗೆದುಕೊಂಡಿದ್ದೇನೆ. ಉಷಾ ಅವರಿಗೆ ಈ ಪ್ರಶ್ನೆ ಸರ್ಕಾರದಿಂದಲೇ ಬಂದಿತ್ತು.

1969ರಲ್ಲಿ ಚೆನ್ನೈಯ ಮೌಂಟ್ ರೋಡಿನಲ್ಲಿ ನೈನ್ ಜೆಮ್ಸ್ ಎಂಬ ಸಣ್ಣ ನೈಟ್ ಕ್ಲಬ್ ಇತ್ತು. ಸಫೈರ್ ಚಿತ್ರಮಂದಿರದ ನೆಲಮಾಳಿಗೆಯಲ್ಲಿ. ಅಲ್ಲಿ ಆಕೆ ಮೊದಲು ವೃತ್ತಿಯಾಗಿ ಹಾಡಿದ್ದು. ಆಗ ಕ್ಲಬ್ಬಿನಲ್ಲಿ ಹಾಡುವ ಹೆಂಗಸು ಎಂದರೆ ಗೌನು, ಮಿನುಗುವ ಬಟ್ಟೆ. ಈಕೆ ಸೀರೆಯುಟ್ಟು, ಹೂ ಮುಡಿದು ಹೋಗಿ ನಿಂತರು. ಅದಕ್ಕೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಮನೆಯಲ್ಲಿ ಉಡುತ್ತಿದ್ದುದೇ ಸೀರೆ. ಅಲ್ಲಿಂದ ಮುಂಬೈ, ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ರೆಸ್ಟೊರೆಂಟು, ದೆಹಲಿ. ಟ್ರಿಂಕಾಸ್‌ನಲ್ಲೇ ಕೇರಳದ ಜಾನಿ ಚಾಕೊ ಉತ್ತುಪ್ ಸಿಕ್ಕಿದ್ದು, ಆಮೇಲೆ ಮದುವೆಯಾದದ್ದು. ದೆಹಲಿಯಲ್ಲಿ ಹಾಡುವಾಗ ದೇವ್ ಆನಂದ್ ಕೇಳಿದರು. 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಆರ್.ಡಿ. ಬರ್ಮನ್ ಸಂಗೀತಕ್ಕೆ ಆಶಾ ಭೋಸ್ಲೆ ಜೊತೆ ಹಾಡಿದರು. ಊಟ ಮಾಡಲು ಬಂದವರ ಮುಂದೆ, ಗ್ಲಾಸು ತಟ್ಟೆಗಳ ಸದ್ದಿನ ನಡುವೆ, ಕುಟುಂಬ ಸಮೇತ ಬಂದು ಕೇಳಬಹುದಾದ ಹಾಡುಗಾರಿಕೆಯನ್ನು ಆಕೆ ಕಟ್ಟಿದರು. ಇದು ಸಣ್ಣ ಕೆಲಸ ಅಲ್ಲ ಸರ್.

1980ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ಎಡರಂಗ ಸರ್ಕಾರದ ಸಚಿವರೊಬ್ಬರು ಈ ಹಾಡು ಅಪಸಂಸ್ಕೃತಿ ಅಂದರು. ಸರ್ಕಾರಿ ಸಭಾಂಗಣದಲ್ಲಿ ಹಾಡದಂತೆ ತಡೆದರು. ಆಗ ಆಕೆ ಮನೆ ಮಾಡಿಕೊಂಡಿದ್ದ ಊರೇ ಕೋಲ್ಕತ್ತ. ಬೇರೆ ಊರಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಕೋರ್ಟಿಗೆ ಹೋದರು, ಗೆದ್ದರು. ಅದೇ ಊರಿನಲ್ಲಿ ವೈಬ್ರೇಷನ್ಸ್ ಎಂಬ ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತಾ ಬಂದರು. ಹಣೆಯ ದೊಡ್ಡ ಬೊಟ್ಟಿನ ಮೇಲೆ ಬಂಗಾಳಿ ‘ಕ’ ಅಕ್ಷರ ಇರುತ್ತದಲ್ಲ, ಅದು ಕೋಲ್ಕತ್ತದ ಕ. ತಡೆದ ಊರನ್ನು ಹಣೆಯ ಮೇಲೆ ಇಟ್ಟುಕೊಂಡವರನ್ನು ನಾನು ಹೊಗಳದೆ ಇರಲಾರೆ.

ಇನ್ನೊಂದು ಮಾತು. 80ರ ದಶಕದಲ್ಲಿ ನಾನು ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಹಾಡುತ್ತಿದ್ದೆ. ನನ್ನದೂ ದಪ್ಪ ದನಿಯೇ. ತೆಳು ದನಿಯ ಹಾಡುಗಳನ್ನು ಇನ್ನೊಬ್ಬ ಹುಡುಗಿಗೆ ಕೊಡುತ್ತಿದ್ದರು. ನನಗೆ ಉಳಿದದ್ದು ಕೋರಸ್. ‘ಅರ್ಮಾನ್’ ಚಿತ್ರದ ‘ರಂಬಾ ಹೋ’ ಬಂದ ಮೇಲೆ ಅದು ಬದಲಾಯಿತು. ಜನ ಚೀಟಿ ಬರೆದು ಕಳಿಸುತ್ತಿದ್ದರು. ಆ ಹಾಡಿಗೆ ತೆಳು ದನಿ ಹೊಂದುವುದೇ ಇಲ್ಲ. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಅದನ್ನು ಉಷಾ ಅವರ ಗಂಟಲಿಗೆ ಅಳೆದು ಹೊಲಿದ ಹಾಗೆ ಮಾಡಿದ್ದರು. ಹಾಗಾಗಿ ಮೈಕು ನನ್ನ ಕೈಗೆ ಬಂತು. ಜಿಲ್ಲೆ ಜಿಲ್ಲೆಯಲ್ಲಿ ಎಷ್ಟು ಆರ್ಕೆಸ್ಟ್ರಾ ಹುಡುಗಿಯರಿಗೆ ಹೀಗೆ ಹಾಡು ಸಿಕ್ಕಿರಬೇಕು! ಅಂಥವರ ಪರವಾಗಿಯೂ ಬರೆಯುತ್ತಿದ್ದೇನೆ.

ಅವರು ಕನ್ನಡದಲ್ಲಿ, ತುಳುವಿನಲ್ಲಿ ಹಾಡಿದ್ದಾರಾ? ಇಷ್ಟು ಭಾಷೆ ಹೇಗೆ ಸಾಧ್ಯ?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಹಾಡಿದ್ದಾರೆ ತಂಗಿ. ಕನ್ನಡ, ತುಳು, ಕೊಂಕಣಿ ಮೂರೂ ಅವರ ಪಟ್ಟಿಯಲ್ಲಿವೆ. ಹದಿನೇಳು ಭಾರತೀಯ ಭಾಷೆ, ಎಂಟು ವಿದೇಶಿ ಭಾಷೆ ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಕೀನ್ಯಾದ ನೈರೋಬಿಗೆ ಹೋದಾಗ ಸ್ವಾಹಿಲಿಯಲ್ಲಿ ‘ಮಲೈಕಾ’ ಹಾಡಿ ಅಲ್ಲಿಯವರ ಮನಸ್ಸು ಗೆದ್ದರು. ಅಧ್ಯಕ್ಷ ಜೋಮೊ ಕೆನ್ಯಾಟಾ ಗೌರವ ಪೌರತ್ವ ಕೊಟ್ಟರು. ಮಲಯಾಳದಲ್ಲಿ ಕೇರಳದ ಮೇಲೆ ಹಾಡಿದ ಹಾಡನ್ನು ಅಲ್ಲಿ ಮಕ್ಕಳೂ ಹಾಡುತ್ತಾರೆ.

ಹೇಗೆ ಸಾಧ್ಯ ಅಂದರೆ, ನನಗೆ ಕಾಣುವುದು ಇಷ್ಟು. ಅವರು ಪದಗಳನ್ನು ನುಂಗುವುದಿಲ್ಲ. ದೀರ್ಘ, ಒತ್ತು ಎಲ್ಲವೂ ಪೂರ್ತಿ ಕೇಳುತ್ತವೆ. ವೇದಿಕೆಯಲ್ಲಿ ಹಾಡಿನ ನಡುವೆ ಊರಿನವರ ಭಾಷೆಯಲ್ಲಿ ಎರಡು ಮಾತಾಡುತ್ತಾರೆ, ತಪ್ಪಾದರೆ ಮುಂದಿನ ಸಾಲಿನವರನ್ನೇ ಕೇಳಿ ಸರಿಮಾಡಿಕೊಳ್ಳುತ್ತಾರೆ. ಆ ಹೊತ್ತಿಗೆ ಸಭೆ ಅವರ ಮನೆಯವರಾಗಿಬಿಟ್ಟಿರುತ್ತದೆ.

ನಟಿ ಎಂದೂ ಬರೆದಿದ್ದೀರಿ. ಯಾವ ಸಿನಿಮಾ?
— ಓದುಗರು, ತುಮಕೂರು

ನಟನೆ ಕಡಿಮೆಯೇ. 1972ರ ‘ಬಾಂಬೆ ಟು ಗೋವಾ’ದಲ್ಲಿ ಉಷಾ ಆಗಿಯೇ ಬಂದು ಒಂದು ಇಂಗ್ಲಿಷ್ ಹಾಡು ಹಾಡುತ್ತಾರೆ. ಪೂರ್ತಿ ಪಾತ್ರಗಳು ಸಿಕ್ಕಿದ್ದು ಅರವತ್ತರ ಹತ್ತಿರ ಬಂದ ಮೇಲೆ. 2006ರ ಮಲಯಾಳಂ ‘ಪೋತ್ತನ್ ವಾವ’ದಲ್ಲಿ ಮಮ್ಮೂಟಿ ಅವರ ತಾಯಿ. 2010ರಲ್ಲಿ ಕಮಲ ಹಾಸನ್ ಅವರ ತಮಿಳು ‘ಮನ್ಮದನ್ ಅಂಬು’, ಅಲ್ಲಿ ಮಾಧವನ್ ಅವರ ತಾಯಿ. 2011ರಲ್ಲಿ ವಿಶಾಲ್ ಭಾರದ್ವಾಜ್ ಅವರ ‘7 ಖೂನ್ ಮಾಫ್’, ಪ್ರಿಯಾಂಕಾ ಚೋಪ್ರಾ ಮನೆಯಲ್ಲಿ ಕೆಲಸದ ಮ್ಯಾಗಿ. ಇದೇ ಚಿತ್ರದ ‘ಡಾರ್ಲಿಂಗ್’ ಹಾಡಿಗೆ ರೇಖಾ ಭಾರದ್ವಾಜ್ ಜೊತೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಹಾಡಲು ಶುರುಮಾಡಿ ನಾಲ್ಕು ದಶಕ ದಾಟಿದ ಮೇಲೆ! ಪದ್ಮಶ್ರೀ 2011ರಲ್ಲಿ, ಪದ್ಮಭೂಷಣ 2024ರಲ್ಲಿ. ಅದೇ 2024ರ ಜುಲೈಯಲ್ಲಿ ಪತಿ ಜಾನಿ ತೀರಿಕೊಂಡರು.

ನಮ್ಮ ಕರ್ನಾಟಕದಲ್ಲಿ ಪಾಪ್ ಹಾಡಿ, ನಟಿಸಿದವರು ಯಾರೂ ಇಲ್ವಾ?
— ಓದುಗರು, ಹಾಸನ

ಇದ್ದಾರಲ್ಲ, ಬೆಂಗಳೂರಿನ ವಸುಂಧರಾ ದಾಸ್. ಮೌಂಟ್ ಕಾರ್ಮೆಲ್ ಕಾಲೇಜಿನ ಹುಡುಗಿ. 1999ರಲ್ಲಿ ಎ.ಆರ್. ರೆಹಮಾನ್ ಅವರ ‘ಮುದಲ್ವನ್’ ಹಾಡಿನಿಂದ ದನಿ ಪರಿಚಯವಾಯಿತು. ಮರುವರ್ಷ ‘ಹೇ ರಾಮ್’ನಲ್ಲಿ ನಟನೆ. 2001ರ ‘ಮಾನ್ಸೂನ್ ವೆಡ್ಡಿಂಗ್’ನಲ್ಲಿ ಮದುಮಗಳು ಅವರೇ. ಮೀರಾ ನಾಯರ್ ಅವರ ಆ ಚಿತ್ರಕ್ಕೆ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು. ಕನ್ನಡದಲ್ಲಿ 2003ರ ‘ಲಂಕೇಶ್ ಪತ್ರಿಕೆ’, ದರ್ಶನ್ ಜೊತೆ. ಅವರ ಬಗ್ಗೆ ನಾವು ಇನ್ನೂ ಜಾಸ್ತಿ ಮಾತಾಡಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಅಕ್ಕ, ಉಷಾ ಉತ್ತುಪ್ ಯಾವ ಗುರುಗಳ ಹತ್ತಿರವೂ ಕಲಿತಿಲ್ಲ ಅಂತಾರೆ. ನಾನು ಎರಡು ವರ್ಷದಿಂದ ಸಂಗೀತದ ಕ್ಲಾಸಿಗೆ ಹೋಗ್ತಿದ್ದೀನಿ. ಇನ್ನೂ ಅಲಂಕಾರದಲ್ಲೇ ಇದ್ದೀನಿ. ಬಿಟ್ಟು ಯೂಟ್ಯೂಬಿನಲ್ಲಿ ಹಾಡ್ಲಾ?
— ಪಿಯುಸಿ ಹುಡುಗಿ, ಗದಗ

ಕ್ರಮವಾಗಿ ಕಲಿತಿಲ್ಲ ಅನ್ನುವುದು ನಿಜ. ಆದರೆ ಅವರು ಟ್ರಿಂಕಾಸ್‌ನಂಥ ಕಡೆಗಳಲ್ಲಿ ರಾತ್ರಿ ರಾತ್ರಿ ಹಾಡಿದವರು. ಎದುರಿಗೆ ಬ್ಯಾಂಡು ಇರುತ್ತಿತ್ತು. ಶ್ರುತಿ ತಪ್ಪಿದರೆ ಆ ಕ್ಷಣವೇ ಗೊತ್ತಾಗುತ್ತಿತ್ತು, ತಾಳ ಬಿಟ್ಟರೆ ಡ್ರಮ್ಮಿನವನು ತಿರುಗಿ ನೋಡುತ್ತಿದ್ದ. ಯೂಟ್ಯೂಬಿನಲ್ಲಿ ಒಬ್ಬಳೇ ಹಾಡಿದರೆ ನಿನಗೆ ಹೀಗೆ ತಿರುಗಿ ನೋಡುವವರು ಯಾರೂ ಇರುವುದಿಲ್ಲ.

ಕ್ಲಾಸು ಬಿಡಬೇಡ. ಅಲಂಕಾರವನ್ನು, ಅಂದರೆ ತಾಳಕ್ಕೆ ಕಟ್ಟಿದ ಆ ಸ್ವರಗಳ ಅಭ್ಯಾಸವನ್ನು, ಮೂರು ಕಾಲದಲ್ಲಿ (ನಿಧಾನ, ಅದರ ಎರಡರಷ್ಟು, ನಾಲ್ಕರಷ್ಟು ವೇಗ) ಹಾಡುತ್ತೀಯಾ? ಮೂರನೇ ಕಾಲದಲ್ಲಿ ಉಸಿರು ಎಲ್ಲಿ ತೆಗೆಯುತ್ತೀಯ ನೋಡಿಕೋ. ಅದು ಬಂದರೆ ಯಾವ ಪಾಪ್ ಹಾಡಿನಲ್ಲೂ ಉಸಿರಿಗೆ ಕಷ್ಟವಾಗುವುದಿಲ್ಲ. ಜೊತೆಗೆ ವಾರಕ್ಕೆ ಒಂದು ಹಾಡನ್ನು ನಿನ್ನಿಷ್ಟಕ್ಕೆ ಕಲಿ. ಕರೋಕೆ ಟ್ರ್ಯಾಕ್ ಹಾಕಿಕೊಂಡರೆ ಮೊದಲು ಅದರ ಸ್ಕೇಲನ್ನು ನಿನ್ನ ದನಿಗೆ ಇಳಿಸಿಕೋ ಅಥವಾ ಏರಿಸಿಕೋ. ಫೋನಿನಲ್ಲೇ ಅದಕ್ಕೆ ಆ್ಯಪ್ ಇವೆ. ಮೂಲ ಹಾಡುಗಾರ್ತಿಯ ಸ್ಕೇಲಿನಲ್ಲೇ ಹಾಡಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇವತ್ತು ಒಮ್ಮೆ ರೆಕಾರ್ಡ್ ಮಾಡು, ಮರುದಿನ ಬೆಳಿಗ್ಗೆ ಕೇಳು. ಹಾಡಿದ ತಕ್ಷಣ ಕೇಳಿದರೆ ತಪ್ಪು ಕಾಣುವುದಿಲ್ಲ. ನಿನಗೆ ಇಷ್ಟವಾದ ಒಂದನ್ನು ನನಗೂ ಕಳಿಸು. ಪತ್ರಿಕೆಯ ವಿಳಾಸಕ್ಕೆ ಬಂದರೆ ನನಗೆ ತಲುಪುತ್ತದೆ.